ಮುಂದಿನ ಮರ ಹಿಡಿದ ಮೇಲೆ ಹಿಂದಿನದನ್ನು ಬಿಡಿ: ಬ್ರೌಸರ್ ಎಂಜಿನ್ ಕೋಡ್‌ನಲ್ಲಿ ಸ್ಮಾರ್ಟ್ ಪಾಯಿಂಟರ್

ಅಡಿಕೆ ತೋಟದಲ್ಲಿ ಗೊನೆ ಕೊಯ್ಯುವ ಕೊನೆಗಾರ ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ತುದಿಯಲ್ಲೇ ಇದ್ದು, ಮರವನ್ನು ತೂಗಿ, ಪಕ್ಕದ ಮರ ಕೈಗೆ ಬಿಗಿಯಾಗಿ ಸಿಕ್ಕಿದ ಮೇಲೆ ಹಿಂದಿನದನ್ನು ಬಿಡುತ್ತಾನೆ. ಮೊದಲು ಬಿಟ್ಟು ಆಮೇಲೆ ಹಿಡಿಯಲು ಹೋದರೆ ಏನಾಗುತ್ತದೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಬ್ರೌಸರ್ ಎಂಜಿನ್‌ನ, ಅಂದರೆ ವೆಬ್ ಪುಟವನ್ನು ಓದಿ ಪರದೆಗೆ ತರುವ ತಂತ್ರಾಂಶದ, ಸಿ++ ಕೋಡ್‌ನಲ್ಲಿ ಮೆಮೊರಿ ಕಾಪಾಡುವ ನಿಯಮವೂ ಇದೇ. ಒಂದು ಆಬ್ಜೆಕ್ಟನ್ನು ಬಳಸುವ ಫಂಕ್ಷನ್, ಬಳಸುವಷ್ಟು ಹೊತ್ತೂ ಅದನ್ನು ತಾನೇ ಹಿಡಿದಿರಬೇಕು. ‘ಬೇರೆ ಯಾರೋ ಹಿಡಿದಿರುತ್ತಾರೆ’ ಎಂಬ ನಂಬಿಕೆಯೇ ಈ ಕೋಡ್‌ನಲ್ಲಿ ಹೆಚ್ಚಿನ ಅನಾಹುತಕ್ಕೆ ಮೂಲ. ಹಿಡಿಯುವ, ಬಿಡುವ ಲೆಕ್ಕವನ್ನು ತಾನೇ ನೋಡಿಕೊಳ್ಳುವ ಪಾಯಿಂಟರೇ ಸ್ಮಾರ್ಟ್ ಪಾಯಿಂಟರ್.

ಬಿಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವ ಈ ದೋಷಕ್ಕೆ ಯೂಸ್ ಆಫ್ಟರ್ ಫ್ರೀ ಎಂದು ಹೆಸರು. ಕ್ರೋಮ್ ಬ್ರೌಸರ್‌ಗೆ ಮೂಲವಾದ ಕ್ರೋಮಿಯಂನ ತಂಡ 2020ರಲ್ಲಿ ತನ್ನ ಗಂಭೀರ ಭದ್ರತಾ ದೋಷಗಳ ಲೆಕ್ಕ ಕೊಟ್ಟಾಗ ಸುಮಾರು ಶೇ. 70ರಷ್ಟು ಮೆಮೊರಿಗೆ ಸಂಬಂಧಿಸಿದವಾಗಿದ್ದವು, ಅವುಗಳಲ್ಲಿ ಅರ್ಧದಷ್ಟು ಇದೇ ಜಾತಿಯವು. ಪುಟ ಕ್ರ್ಯಾಶ್ ಆಗಿ ನಿಂತರೆ ಅದೃಷ್ಟ. ಬಿಟ್ಟ ಜಾಗದಲ್ಲಿ ದಾಳಿಕೋರ ತನಗೆ ಬೇಕಾದ ಬೈಟ್‌ಗಳನ್ನು ತುಂಬಿಸಿಟ್ಟರೆ ಎಂಜಿನ್ ಅವನ್ನೇ ತನ್ನ ಆಬ್ಜೆಕ್ಟ್ ಎಂದು ನಂಬಿ ನಡೆಯುತ್ತದೆ.

ಈ ಲೇಖನ ಸಫಾರಿ ಬ್ರೌಸರ್ ಬಳಸುವ ವೆಬ್‌ಕಿಟ್ ಎಂಜಿನ್ ಆಧರಿಸಿದ್ದು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಕುಳಿತು ಮುಕ್ತ ತಂತ್ರಾಂಶಕ್ಕೆ ಕೈ ಹಚ್ಚಬೇಕೆನ್ನುವ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು, ಮನೆಯಿಂದಲೇ ಕೆಲಸ ಮಾಡುವ ಪ್ರೋಗ್ರಾಮರ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಸಿ++ನಲ್ಲಿ ಕ್ಲಾಸ್, ಕನ್‌ಸ್ಟ್ರಕ್ಟರ್, ಡಿಸ್ಟ್ರಕ್ಟರ್ ಗೊತ್ತಿದ್ದರೆ ಸಾಕು. ಹೆಸರುಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಉಚ್ಚಾರಣೆಯಂತೆಯೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು (ಪಿಟಿಆರ್ ಎಂದರೆ Ptr) ಹುಡುಕಿದರೆ ಕೋಡ್‌ನಲ್ಲಿ ಸಿಗುತ್ತವೆ.

ಮೊದಲು ಬಿಲ್ಡ್

ಓದಿ ತಿಳಿಯುವುದಕ್ಕಿಂತ ಒಡೆದು ನೋಡಿ ಕಲಿಯುವ ವಿಷಯವಿದು. ಹಾಗಾಗಿ ಯಂತ್ರದಲ್ಲಿ ಒಂದು ಬಿಲ್ಡ್ ಇರಲೇಬೇಕು. ಲಿನಕ್ಸ್‌ನಲ್ಲಿ ಜಿಟಿಕೆ ಪೋರ್ಟ್, ಅಂದರೆ ಅಲ್ಲಿನ ಜಿಟಿಕೆ ಪರಿಕರಗಳಿಗೆ ಹೊಂದಿಸಿದ ಆವೃತ್ತಿ, ಸುಲಭ.

ವೆಬ್‌ಕಿಟ್‌ನ ಗಿಟ್ ಭಂಡಾರ ಬಹಳ ದೊಡ್ಡದು, ಮತ್ತು ಗಿಟ್ ಕ್ಲೋನ್ ನಡುವೆ ಕಡಿದರೆ ಬಿಟ್ಟಲ್ಲಿಂದ ಮುಂದುವರಿಯುವುದಿಲ್ಲ, ಮೊದಲಿನಿಂದ ಶುರು. ಘಟ್ಟದ ಕಡೆ ಮನೆಯಲ್ಲಿ ಮೊಬೈಲ್ ನೆಟ್‌ವರ್ಕ್ ನಂಬಿಕೊಂಡು ಪೂರ್ತಿ ಇತಿಹಾಸ ಇಳಿಸಲು ಹೋಗಬೇಡಿ. ಕ್ಲೋನ್ ಆಜ್ಞೆಗೆ ಡೆಪ್ತ್ 1 ಎಂದು ಕೊಟ್ಟರೆ ಕೊನೆಯ ಸ್ಥಿತಿ ಮಾತ್ರ ಬರುತ್ತದೆ. ಹಳೆಯ ಬದಲಾವಣೆಗಳೂ ಬೇಕೆಂದರೆ ಫಿಲ್ಟರ್ ಆಯ್ಕೆಯಲ್ಲಿ ಬ್ಲಾಬ್ ನನ್ ಎಂದು ಕೊಡಿ. ಆಗ ಕಮಿಟ್‌ಗಳ ಪಟ್ಟಿ ಪೂರ್ತಿ ಬಂದು, ಹಳೆಯ ಫೈಲ್‌ಗಳು ಬೇಕಾದಾಗ ಮಾತ್ರ ಇಳಿಯುತ್ತವೆ.

ಬಿಲ್ಡ್ ಮಾಡುವ ಸ್ಕ್ರಿಪ್ಟ್ ಟೂಲ್ಸ್ ಫೋಲ್ಡರ್‌ನ ಸ್ಕ್ರಿಪ್ಟ್ಸ್ ಒಳಗಿದೆ, ಹೆಸರು ಬಿಲ್ಡ್-ವೆಬ್‌ಕಿಟ್. ಜಿಟಿಕೆ ಮತ್ತು ಡೀಬಗ್ ಆಯ್ಕೆ ಕೊಡಿ; ಬಿಲ್ಡ್ ಹೊಂದಿಸುವ ಸಿಮೇಕ್‌ಗೆ ಎನೇಬಲ್ ಸ್ಯಾನಿಟೈಜರ್ಸ್ = ಅಡ್ರೆಸ್ ಎಂದು ಕಳಿಸಿ. ಇದರಿಂದ ಮೆಮೊರಿಯ ತಪ್ಪು ಬಳಕೆಯನ್ನು ಓಡುವಾಗಲೇ ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್, ಅಂದರೆ ಎಲ್ಲರೂ ಕರೆಯುವ ಆಸಾನ್, ಕೋಡ್‌ನೊಳಗೆ ಸೇರಿಕೊಳ್ಳುತ್ತದೆ. ವೆಬ್‌ಕಿಟ್ ಹಲವು ಮೂಲ ಫೈಲ್‌ಗಳನ್ನು ಒಟ್ಟುಗೂಡಿಸಿ ಒಂದೇ ಸಲ ಕಂಪೈಲ್ ಮಾಡುವುದರಿಂದ ಒಂದೊಂದು ಕೆಲಸವೂ ಭಾರಿ ಮೆಮೊರಿ ತಿನ್ನುತ್ತದೆ. ಒಂದು ಕೆಲಸಕ್ಕೆ 2 ಜಿಬಿ ಎಂದು ಲೆಕ್ಕ ಹಿಡಿಯಿರಿ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ಏಕಕಾಲಕ್ಕೆ ಮೂರಕ್ಕಿಂತ ಹೆಚ್ಚು ಕೆಲಸ ಓಡಿಸಬೇಡಿ. ಓಡಿಸಿದರೆ ಕರ್ನಲ್ ಕಂಪೈಲರನ್ನೇ ಕೊಲ್ಲುತ್ತದೆ, ಪರದೆಯ ಮೇಲೆ ‘ಕಿಲ್ಡ್’ ಎಂಬ ಒಂದೇ ಪದ ಉಳಿಯುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಿಲ್ಡ್ ನಿಂತರೆ ಗಾಬರಿ ಬೇಡ. ಬಿಲ್ಡ್ ನಡೆಸುವ ನಿಂಜಾ ಮುಗಿದ ಕೆಲಸವನ್ನು ಮತ್ತೆ ಮಾಡುವುದಿಲ್ಲ. ಆದರೆ ಕರೆಂಟ್ ಹೋದ ಗಳಿಗೆಯಲ್ಲಿ ಡಿಸ್ಕ್‌ಗೆ ಬರೆಯುತ್ತಿದ್ದ ಆಬ್ಜೆಕ್ಟ್ ಫೈಲ್ ಸೊನ್ನೆ ಬೈಟ್ ಆಗಿ ಉಳಿದಿರಬಹುದು. ಆಮೇಲೆ ಲಿಂಕರ್ ಏನೇನೋ ದೂರು ಹೇಳುತ್ತದೆ. ಬಿಲ್ಡ್ ಫೋಲ್ಡರ್‌ನಲ್ಲಿ ಸೊನ್ನೆ ಗಾತ್ರದ ಆಬ್ಜೆಕ್ಟ್ ಫೈಲ್‌ಗಳನ್ನು ಹುಡುಕಿ ಅಳಿಸಿ ಮತ್ತೆ ಓಡಿಸಿ. ಕಂಪೈಲ್ ಆದದ್ದನ್ನು ಉಳಿಸಿಟ್ಟುಕೊಳ್ಳುವ ಸಿಸಿಕ್ಯಾಶ್ ಹಾಕಿಕೊಂಡರೆ ಎರಡನೇ ಬಾರಿಯ ಪೂರ್ಣ ಬಿಲ್ಡ್ ಬಹಳ ಬೇಗ ಮುಗಿಯುತ್ತದೆ.

ಎಣಿಕೆ ಎಲ್ಲಿದೆ ಎಂಬುದು ಮುಖ್ಯ

ಸಿ++ನಲ್ಲೇ ಶೇರ್ಡ್ ಪಿಟಿಆರ್ ಇರುವಾಗ ಎಂಜಿನ್ ತನ್ನದೇ ಪಾಯಿಂಟರ್‌ಗಳನ್ನು ಏಕೆ ಇಟ್ಟುಕೊಂಡಿದೆ? ಶೇರ್ಡ್ ಪಿಟಿಆರ್‌ನಲ್ಲಿ ಎಣಿಕೆ, ಅಂದರೆ ಆಬ್ಜೆಕ್ಟನ್ನು ಎಷ್ಟು ಜನ ಹಿಡಿದಿದ್ದಾರೆಂಬ ಲೆಕ್ಕ, ಆಬ್ಜೆಕ್ಟ್‌ನ ಹೊರಗೆ ಬೇರೊಂದು ತುಂಡಿನಲ್ಲಿರುತ್ತದೆ. ಒಂದೇ ಬರಿ ಪಾಯಿಂಟರ್‌ನಿಂದ ಎರಡು ಸಲ ಶೇರ್ಡ್ ಪಿಟಿಆರ್ ಮಾಡಿದರೆ ಎರಡು ಎಣಿಕೆ ಹುಟ್ಟಿ, ಕೊನೆಗೆ ಒಂದೇ ಆಬ್ಜೆಕ್ಟ್ ಎರಡು ಸಲ ಅಳಿಯುತ್ತದೆ. ವೆಬ್‌ಕಿಟ್‌ನಲ್ಲಿ ಎಣಿಕೆ ಆಬ್ಜೆಕ್ಟ್‌ನ ಹೊಟ್ಟೆಯೊಳಗೇ ಇದೆ. ರೆಫ್‌ಕೌಂಟೆಡ್ ಎಂಬ ಕ್ಲಾಸ್‌ನಿಂದ ಅದು ಬರುತ್ತದೆ. ಹಾಗಾಗಿ ಕೈಯಲ್ಲಿ ಬರಿ ಪಾಯಿಂಟರ್ ಇರಲಿ, ರೆಫರೆನ್ಸ್ ಇರಲಿ, ‘ದಿಸ್’ ಇರಲಿ, ಆಬ್ಜೆಕ್ಟ್ ಜೀವಂತವಾಗಿರುವ ಯಾವ ಗಳಿಗೆಯಲ್ಲಾದರೂ ಅದನ್ನು ಹಿಡಿಯಬಹುದು. ಪಾಯಿಂಟರ್ ಗಾತ್ರವೂ 64 ಬಿಟ್ ಯಂತ್ರದಲ್ಲಿ 8 ಬೈಟ್ ಮಾತ್ರ, ಶೇರ್ಡ್ ಪಿಟಿಆರ್‌ನದು ಸಾಮಾನ್ಯವಾಗಿ 16.

ಹಿಡಿಯುವ ಪಾಯಿಂಟರ್ ಎರಡು. ಖಾಲಿಯಾಗಿರಲು ಸಾಧ್ಯವೇ ಇಲ್ಲದ ಕಡೆ ರೆಫ್. ಖಾಲಿ ಇರಬಹುದಾದ ಕಡೆ ರೆಫ್‌ಪಿಟಿಆರ್. ಎರಡೂ ಹುಟ್ಟುವಾಗ ಎಣಿಕೆಗೆ ಒಂದು ಕೂಡಿಸಿ, ಸಾಯುವಾಗ ಒಂದು ಕಳೆಯುತ್ತವೆ. ಎಣಿಕೆ ಮುಗಿದರೆ ಆಬ್ಜೆಕ್ಟ್ ಹೋಯಿತು.

ಹೊಸಬರು ಎಡವುವ ಮೊದಲ ಜಾಗ ಇಲ್ಲಿದೆ. ರೆಫ್‌ಕೌಂಟೆಡ್ ಆಬ್ಜೆಕ್ಟ್ ಹುಟ್ಟುವಾಗಲೇ ಎಣಿಕೆ 1 ಇರುತ್ತದೆ. ನ್ಯೂ ಮಾಡಿದ್ದನ್ನು ನೇರವಾಗಿ ರೆಫ್‌ಗೆ ಕೊಟ್ಟರೆ ಅದು 2 ಆಗಿ, ರೆಫ್ ಹೋದ ಮೇಲೂ 1 ಉಳಿದು ಆಬ್ಜೆಕ್ಟ್ ಎಂದೂ ಅಳಿಯುವುದಿಲ್ಲ. ಅದಕ್ಕೇ ಅಡಾಪ್ಟ್‌ರೆಫ್ ಇರುವುದು: ಇರುವ ಒಂದನ್ನೇ ದತ್ತು ತೆಗೆದುಕೊಳ್ಳುತ್ತದೆ, ಹೊಸದಾಗಿ ಕೂಡಿಸುವುದಿಲ್ಲ. ಕನ್‌ಸ್ಟ್ರಕ್ಟರನ್ನು ಪ್ರೈವೇಟ್ ಮಾಡಿ, ಕ್ರಿಯೇಟ್ ಎಂಬ ಸ್ಟಾಟಿಕ್ ಫಂಕ್ಷನ್‌ನಲ್ಲಿ ಮಾತ್ರ ನ್ಯೂ ಮತ್ತು ಅಡಾಪ್ಟ್‌ರೆಫ್ ಜೊತೆಯಾಗಿ ಬರೆಯುವುದು ರೂಢಿ. ಈ ರೂಢಿ ಬಿಡಬೇಡಿ. ಡೀಬಗ್ ಬಿಲ್ಡ್‌ನಲ್ಲಿ ದತ್ತು ಮರೆತರೆ ಅಸರ್ಟ್ ಹಿಡಿಯುತ್ತದೆ, ರಿಲೀಸ್ ಬಿಲ್ಡ್‌ನಲ್ಲಿ ಸದ್ದಿಲ್ಲದೆ ಸೋರುತ್ತದೆ.

ಹಿಡಿಯದೆ ನೋಡುವ ಪಾಯಿಂಟರ್‌ಗಳೂ ಇವೆ. ವೀಕ್‌ಪಿಟಿಆರ್ ಆಬ್ಜೆಕ್ಟ್ ಸತ್ತರೆ ತಾನಾಗಿ ಖಾಲಿಯಾಗುತ್ತದೆ. ಚೆಕ್ಡ್‌ಪಿಟಿಆರ್ ಬೇರೆ ರೀತಿಯದು: ಅದು ಆಬ್ಜೆಕ್ಟನ್ನು ಬದುಕಿಸುವುದಿಲ್ಲ, ಆದರೆ ತನ್ನ ಕಣ್ಣು ಅದರ ಮೇಲಿರುವಾಗ ಯಾರಾದರೂ ಅಳಿಸಿದರೆ ಆ ಮೆಮೊರಿ ಸದ್ದಿಲ್ಲದೆ ಇನ್ನೊಬ್ಬರ ಪಾಲಾಗಲು ಬಿಡುವುದಿಲ್ಲ, ಕ್ರ್ಯಾಶ್ ಮಾಡಿಸುತ್ತದೆ. ಬಳಕೆದಾರರಿಗೆ ಕ್ರ್ಯಾಶ್ ಕಿರಿಕಿರಿಯೇ. ಆದರೂ ದಾಳಿಗೆ ಬಾಗಿಲು ತೆರೆದಿಡುವುದಕ್ಕಿಂತ ಅದು ಎಷ್ಟೋ ಮೇಲು. ಒಬ್ಬನೇ ಒಡೆಯನಿರುವ ಆಬ್ಜೆಕ್ಟ್‌ಗೆ ಯೂನಿಕ್‌ಪಿಟಿಆರ್ ಅಥವಾ ಖಾಲಿಯಾಗದ ಯೂನಿಕ್‌ರೆಫ್.

ಒಡೆದು ನೋಡಿ: ನಾಲ್ಕು ಸಾಲಿನ ಟೇಬಲ್

ಪರೀಕ್ಷೆಗೆ ಒಂದು ಪುಟ ಬರೆಯಿರಿ. ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆಯ ಟೇಬಲ್, ನಾಲ್ಕು ಸಾಲು: ಸರಕು, ಬೆಟ್ಟೆ, ರಾಶಿ, ಗೊರಬಲು. ಇಡೀ ಟೇಬಲನ್ನು ಒಂದೇ ಗೆರೆಯಲ್ಲಿ ಬರೆಯಿರಿ. ಸಾಲುಗಳ ನಡುವೆ ಬಿಟ್ಟ ಖಾಲಿ ಜಾಗವೂ ಎಂಜಿನ್‌ಗೆ ಒಂದೊಂದು ಟೆಕ್ಸ್ಟ್ ನೋಡ್ ಆಗಿ ಲೆಕ್ಕ ತಪ್ಪಿಸುತ್ತದೆ. ಈಗ ಎಂಜಿನ್‌ನಲ್ಲಿ ಟೇಬಲ್‌ನ ಪ್ರತಿ ಸಾಲಿಗೂ ಈವೆಂಟ್ ಕಳಿಸುವ ಒಂದು ಕಲಿಕೆಯ ಫಂಕ್ಷನ್ ಸೇರಿಸಿ. ಅದರ ತಿರುಳು ಹೀಗಿರಲಿ (‘ಪಟ್ಟಿ’ ಎಂದರೆ ಟೇಬಲ್‌ನ ಬಾಡಿ):

ನೋಡ್* ಸಾಲು = ಪಟ್ಟಿ.ಮೊದಲ_ಮಗು();
ಸಾಲು ಇರುವವರೆಗೆ {
ನೋಡ್* ಮುಂದಿನದು = ಸಾಲು->ಮುಂದಿನ_ಸೋದರ();
ಸಾಲು->ಈವೆಂಟ್_ಕಳಿಸು();
ಸಾಲು = ಮುಂದಿನದು;
}

ನೋಡಲು ಬಹಳ ಎಚ್ಚರದ ಕೋಡ್. ಈವೆಂಟ್ ಕಳಿಸುವಾಗ ಈಗಿನ ಸಾಲು ಕಳಚಿ ಹೋಗಬಹುದೆಂದು ಬರೆದವರಿಗೆ ಗೊತ್ತಿತ್ತು, ಅದಕ್ಕೇ ಮುಂದಿನದನ್ನು ಮೊದಲೇ ಬರೆದಿಟ್ಟುಕೊಂಡಿದ್ದಾರೆ. ಬರೆದಿಟ್ಟುಕೊಂಡದ್ದು ವಿಳಾಸ ಮಾತ್ರ. ಕೈಯಲ್ಲಿ ಮರ ಇಲ್ಲ.

ಪುಟದ ಸ್ಕ್ರಿಪ್ಟ್‌ನಲ್ಲಿ ರಾಶಿ ಸಾಲಿಗೆ ಮಾತ್ರ ಒಂದು ಲಿಸನರ್ ಕೊಡಿ. ಅದರೊಳಗೆ ಒಂದೇ ಕೆಲಸ: ಟೇಬಲ್‌ನ ಬಾಡಿಯ ಟೆಕ್ಸ್ಟ್‌ಕಂಟೆಂಟ್ ಅನ್ನು ಖಾಲಿ ಮಾಡುವುದು. ಈಗ ನಡೆಯುವುದನ್ನು ನಿಧಾನವಾಗಿ ನೋಡಿ. ಎಂಜಿನ್ ರಾಶಿಗೆ ಈವೆಂಟ್ ಕಳಿಸುತ್ತದೆ. ‘ಮುಂದಿನದು’ ಗೊರಬಲು ಸಾಲಿನ ವಿಳಾಸ ಇಟ್ಟುಕೊಂಡಿದೆ. ಲಿಸನರ್ ಓಡಿ ಟೇಬಲ್ ಖಾಲಿಯಾಗುತ್ತದೆ. ರಾಶಿ ಸಾಲು ಬದುಕಿರುತ್ತದೆ, ಏಕೆಂದರೆ ಈವೆಂಟ್ ತನ್ನ ಗುರಿಯನ್ನು ಹಿಡಿದಿದೆ. ಗೊರಬಲನ್ನು ಹಿಡಿದಿದ್ದದ್ದು ಅದರ ತಂದೆ ನೋಡ್ ಮಾತ್ರ, ತಂದೆ ಕೈಬಿಟ್ಟ ಕೂಡಲೇ ಎಣಿಕೆ ಮುಗಿದು ಮೆಮೊರಿ ಬಿಡುಗಡೆ. ಲೂಪ್‌ನ ಮುಂದಿನ ಸುತ್ತು ಶುರುವಾದಾಗ ‘ಸಾಲು’ ಎಂಬುದು ಇಲ್ಲದ ನೋಡ್‌ನ ವಿಳಾಸ.

ಇಲ್ಲಿ ಒಂದು ಸೂಕ್ಷ್ಮವಿದೆ, ದೋಷ ಮರುಕಳಿಸುವುದಿಲ್ಲ ಎಂದು ಜನ ಕೈಚೆಲ್ಲುವುದು ಇದೇ ಕಾರಣಕ್ಕೆ. ಸ್ಕ್ರಿಪ್ಟ್‌ನಲ್ಲಿ ಗೊರಬಲು ಸಾಲನ್ನು ಎಲ್ಲಾದರೂ ಒಮ್ಮೆ ಮುಟ್ಟಿದ್ದರೆ, ಐಡಿಯಿಂದ ಹುಡುಕಿ ಬಣ್ಣ ಕೊಟ್ಟಿದ್ದರೂ ಸಾಕು, ಅದಕ್ಕೊಂದು ಜಾವಾಸ್ಕ್ರಿಪ್ಟ್ ಹೊದಿಕೆ ಹುಟ್ಟಿ ಆ ಹೊದಿಕೆ ನೋಡನ್ನು ಹಿಡಿದಿರುತ್ತದೆ. ಕಸ ಸಂಗ್ರಹ, ಅಂದರೆ ಯಾರಿಗೂ ಬೇಡವಾದ ಮೆಮೊರಿಯನ್ನು ಜಾವಾಸ್ಕ್ರಿಪ್ಟ್ ತಾನೇ ಬಿಡಿಸುವ ಕೆಲಸ, ನಡೆಯುವವರೆಗೆ ನೋಡ್ ಸಾಯುವುದಿಲ್ಲ, ದೋಷ ಕಾಣುವುದಿಲ್ಲ. ಹಾಗಾಗಿ ಪರೀಕ್ಷಾ ಪುಟದಲ್ಲಿ ಸಾಯಬೇಕಾದ ನೋಡನ್ನು ಹೆಸರು ಹಿಡಿದು ಕರೆಯಬೇಡಿ. ಕರೆಯಲೇಬೇಕಾದಲ್ಲಿ ವೆಬ್‌ಕಿಟ್‌ಟೆಸ್ಟ್‌ರನ್ನರ್‌ನಲ್ಲಿ ಓಡಿಸಿ, ಜಿಸಿಕಂಟ್ರೋಲರ್‌ನ ಕಲೆಕ್ಟ್ ಕರೆದು ಕಸ ಸಂಗ್ರಹವನ್ನು ಬಲವಂತವಾಗಿ ಮಾಡಿಸಿ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದರ ಜೊತೆಗೇ ಬರುತ್ತದೆ. ವೆಬ್‌ಕಿಟ್‌ನ ಜಾವಾಸ್ಕ್ರಿಪ್ಟ್ ಭಾಗ ಕಸ ಸಂಗ್ರಹಿಸುವಾಗ ಸ್ಟ್ಯಾಕನ್ನೂ ಜಾಲಾಡುತ್ತದೆ. ಸ್ಟ್ಯಾಕ್ ಮೇಲಿರುವ ಜಾವಾಸ್ಕ್ರಿಪ್ಟ್ ಮೌಲ್ಯಗಳು ಅದರಿಂದ ಉಳಿಯುತ್ತವೆ. ಆದರೆ ಡಾಮ್ ನೋಡ್‌ಗಳು, ಅಂದರೆ ಪುಟದ ಮರದ ತುಂಡುಗಳು, ನಡೆಯುವುದು ಎಣಿಕೆಯಿಂದ. ಸ್ಟ್ಯಾಕ್ ಮೇಲಿನ ಬರಿ ನೋಡ್ ಪಾಯಿಂಟರ್ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಆಸಾನ್ ಬಿಲ್ಡ್‌ನಲ್ಲಿ ಈ ಪುಟ ತೆರೆದರೆ ‘ಹೀಪ್ ಯೂಸ್ ಆಫ್ಟರ್ ಫ್ರೀ’ ಎಂಬ ತಲೆಬರಹದ ವರದಿ ಬರುತ್ತದೆ. ಅದರಲ್ಲಿ ಮೂರು ಕರೆಪಟ್ಟಿ. ಮೊದಲನೆಯದು ಬಿಟ್ಟ ಮೆಮೊರಿ ಮುಟ್ಟಿದ ಜಾಗ: ನಿಮ್ಮ ಲೂಪ್. ಎರಡನೆಯದು ಬಿಟ್ಟ ಜಾಗ: ಕೆಳಗಿಂದ ಓದಿದರೆ ನಿಮ್ಮದೇ ಲೂಪ್, ಈವೆಂಟ್ ರವಾನೆ, ಜಾವಾಸ್ಕ್ರಿಪ್ಟ್, ಮಕ್ಕಳನ್ನು ತೆಗೆಯುವ ಫಂಕ್ಷನ್. ಮೂರನೆಯದು ಹುಟ್ಟಿದ ಜಾಗ: ಎಚ್‌ಟಿಎಂಎಲ್ ಪಾರ್ಸರ್. ಎಲ್ಲರೂ ಮೊದಲನೆಯದನ್ನೇ ನೋಡುತ್ತಾ ಕೂರುತ್ತಾರೆ. ಉತ್ತರ ಇರುವುದು ಎರಡನೆಯದರಲ್ಲಿ. ಮೊದಲ ಮತ್ತು ಎರಡನೇ ಪಟ್ಟಿ ಎರಡರಲ್ಲೂ ಇರುವ, ಅತಿ ಮೇಲಿನ ಸಮಾನ ಫಂಕ್ಷನ್ ಯಾವುದೆಂದು ಹುಡುಕಿ. ಹಿಡಿಯಬೇಕಾದದ್ದು ಅಲ್ಲಿ.

ಬಿಟ್ಟ ಮೆಮೊರಿಯನ್ನು ಆಸಾನ್ ತಕ್ಷಣ ಮರುಬಳಕೆಗೆ ಕೊಡುವುದಿಲ್ಲ, ಪೂರ್ವನಿಗದಿಯಾಗಿ 256 ಎಂಬಿ ತನಕ ದಿಗ್ಬಂಧನದಲ್ಲಿಟ್ಟುಕೊಳ್ಳುತ್ತದೆ. ದೋಷ ಖಚಿತವಾಗಿ ಸಿಕ್ಕಿಬೀಳುವುದು ಇದರಿಂದ. ವರದಿಯ ಕೊನೆಯ ನಕ್ಷೆಯಲ್ಲಿ ಎಫ್‌ಡಿ ಎಂದು ಕಾಣುವುದೆಲ್ಲ ಹೀಗೆ ಬಿಟ್ಟ ಜಾಗ. ಪ್ರೋಗ್ರಾಂ ಸುಮಾರು ಎರಡು ಪಟ್ಟು ನಿಧಾನವಾಗುತ್ತದೆ, ಅಷ್ಟಕ್ಕೆ ತಾಳ್ಮೆ ಬೇಕು.

ಸರಿಪಡಿಸುವುದು, ಎರಡು ಹಂತದಲ್ಲಿ

ಮೊದಲ ಹಂತ ಸರಳ. ಎರಡೂ ‘ನೋಡ್*’ ತೆಗೆದು ರೆಫ್‌ಪಿಟಿಆರ್ ಹಾಕಿ. ರೆಫ್‌ಪಿಟಿಆರ್‌ಗೆ ಹೊಸ ಬೆಲೆ ಕೊಟ್ಟಾಗ ಅದು ಮೊದಲು ಹೊಸದರ ಎಣಿಕೆ ಏರಿಸಿ, ಅದಲು ಬದಲು ಮಾಡಿ, ಕೊನೆಗೆ ಹಳೆಯದನ್ನು ಬಿಡುತ್ತದೆ. ಕೊನೆಗಾರನ ಕ್ರಮವೇ. ಮತ್ತೆ ಓಡಿಸಿ, ಆಸಾನ್ ಮೌನ.

ಇಲ್ಲಿಗೇ ನಿಲ್ಲಿಸಿದರೆ ಕೆಲಸ ಅರ್ಧವಾಯಿತು. ಮೆಮೊರಿ ಉಳಿಯಿತು, ತರ್ಕ ಇನ್ನೂ ತಪ್ಪು. ಟೇಬಲ್‌ನಿಂದ ಕಳಚಿ ಬಿದ್ದ ಗೊರಬಲು ಸಾಲಿಗೂ ಈವೆಂಟ್ ಹೋಗುತ್ತಿದೆ. ಸ್ಕ್ರಿಪ್ಟ್ ಅದನ್ನು ಇನ್ನೊಂದು ಟೇಬಲ್‌ಗೆ ಸಾಗಿಸಿದ್ದರೆ ಲೂಪ್ ಆ ಟೇಬಲ್‌ನ ಸಾಲುಗಳ ಹಿಂದೆ ಹೋಗಿಬಿಡುತ್ತದೆ. ಆದ್ದರಿಂದ ಸ್ಕ್ರಿಪ್ಟ್ ಓಡಬಹುದಾದ ಲೂಪ್‌ಗಳಲ್ಲಿ ಎರಡನೇ ಹಂತ ಕಡ್ಡಾಯವೆಂದೇ ಇಟ್ಟುಕೊಳ್ಳಿ: ಲೂಪ್‌ಗೆ ಮುಂಚೆ ಮಕ್ಕಳನ್ನೆಲ್ಲ ರೆಫ್‌ಗಳ ಒಂದು ವೆಕ್ಟರ್‌ಗೆ ತುಂಬಿಕೊಳ್ಳಿ, ಪ್ರತಿ ಸುತ್ತಿನಲ್ಲಿ ಈವೆಂಟ್ ಕಳಿಸುವ ಮುಂಚೆ ‘ಈ ಸಾಲಿನ ತಂದೆ ಈಗಲೂ ಇದೇ ಪಟ್ಟಿಯೇ’ ಎಂದು ಕೇಳಿ, ಅಲ್ಲವಾದರೆ ಬಿಟ್ಟು ಮುಂದೆ ಹೋಗಿ.

‘ಪಟ್ಟಿ’ಯನ್ನು ಯಾರು ಹಿಡಿದಿದ್ದಾರೆ? ಅದು ಆರ್ಗ್ಯುಮೆಂಟ್ ಆಗಿ ಬಂದದ್ದು. ವೆಬ್‌ಕಿಟ್‌ನ ಒಪ್ಪಂದದ ಪ್ರಕಾರ ಕರೆದವರು ಅದನ್ನು ಹಿಡಿದಿರಬೇಕು, ಕರೆಸಿಕೊಂಡವರು ನಂಬಿ ನಡೆಯಬಹುದು. ‘ದಿಸ್’ ಕೂಡ ಹಾಗೆಯೇ. ಈ ಒಪ್ಪಂದ ಎಲ್ಲರೂ ಪಾಲಿಸಿದರೆ ಮಾತ್ರ ನಿಲ್ಲುತ್ತದೆ. ಹಳೆಯ ಕೋಡ್‌ನಲ್ಲಿ ಕರೆದವರ ಮೇಲೆ ಭರವಸೆ ಇಲ್ಲದ ಕಡೆ ಫಂಕ್ಷನ್‌ನ ಮೊದಲ ಗೆರೆಯಲ್ಲಿ ಪ್ರೊಟೆಕ್ಟೆಡ್‌ದಿಸ್ ಎಂಬ ಹೆಸರಿನ ರೆಫ್ ಇಡುವುದು ವಾಡಿಕೆ. ಅದನ್ನು ಡಿಸ್ಟ್ರಕ್ಟರ್‌ನಲ್ಲಿ, ಅಥವಾ ಡಿಸ್ಟ್ರಕ್ಟರ್ ಒಳಗಿಂದ ಕರೆದ ಫಂಕ್ಷನ್‌ನಲ್ಲಿ ಎಂದೂ ಇಡಬೇಡಿ. ಸಾಯುತ್ತಿರುವುದನ್ನು ಹಿಡಿದು ಬಿಟ್ಟರೆ ಎಣಿಕೆ ಇನ್ನೊಮ್ಮೆ ಮುಗಿದು ಎರಡನೇ ಸಲ ಅಳಿಸಲು ಹೊರಡುತ್ತದೆ.

ಹಿಡಿಯಲು ಬಾರದ್ದು: ಲೇಔಟ್ ಬಾಕ್ಸ್

ಎಲ್ಲ ಆಬ್ಜೆಕ್ಟ್‌ಗಳೂ ಎಣಿಕೆಯವಲ್ಲ. ಪರದೆಯ ಮೇಲೆ ಚಿತ್ರಿಸುವ ಬಾಕ್ಸ್, ಅಂದರೆ ರೆಂಡರರ್, ಒಬ್ಬನೇ ಒಡೆಯನದು. ಸಾಲಿನ ಎತ್ತರ ಕೇಳುವ ಫಂಕ್ಷನ್‌ನಲ್ಲಿ ಮೊದಲು ಸಾಲಿನ ರೆಂಡರರನ್ನು ಬರಿ ಪಾಯಿಂಟರ್‌ನಲ್ಲಿ ತೆಗೆದುಕೊಂಡು, ಆಮೇಲೆ ಡಾಕ್ಯುಮೆಂಟ್‌ನ ಅಪ್‌ಡೇಟ್‌ಲೇಔಟ್ ಕರೆದು, ನಂತರ ಎತ್ತರ ಓದಿದರೆ? ಸ್ಕ್ರಿಪ್ಟ್ ಅಷ್ಟರೊಳಗೆ ಸಾಲಿಗೆ ಡಿಸ್‌ಪ್ಲೇ ನನ್ ಕೊಟ್ಟಿದ್ದರೆ, ಬಾಕಿಯಿದ್ದ ಆ ಬದಲಾವಣೆ ಅಪ್‌ಡೇಟ್‌ಲೇಔಟ್ ಒಳಗೆ ಜಾರಿಯಾಗಿ ರೆಂಡರರ್ ಅಳಿದಿರುತ್ತದೆ.

ಚೆಕ್ಡ್‌ಪಿಟಿಆರ್ ಹಾಕಿದರೆ ಇದು ದಾಳಿಯಾಗದೆ ಕ್ರ್ಯಾಶ್ ಆಗುತ್ತದೆ. ಆದರೆ ಸರಿಯಾದ ಪರಿಹಾರ ಗೆರೆಗಳ ಕ್ರಮ ಬದಲಿಸುವುದು: ಮೊದಲು ಅಪ್‌ಡೇಟ್‌ಲೇಔಟ್, ಆಮೇಲೆ ರೆಂಡರರ್ ಕೇಳಿ, ಖಾಲಿಯಿದ್ದರೆ ಸೊನ್ನೆ ಹಿಂದಿರುಗಿಸಿ, ಇದ್ದರೆ ಚೆಕ್ಡ್‌ಪಿಟಿಆರ್‌ನಲ್ಲಿಟ್ಟು ಓದಿ. ಕ್ರಮ ಬದಲಿಸಲು ಆಗದ ಕಡೆ ವೀಕ್‌ಪಿಟಿಆರ್ ಇಟ್ಟು ಕರೆಯ ನಂತರ ಖಾಲಿಯೇ ಎಂದು ನೋಡಿ. ಕೋಡ್ ತಪಾಸಕದ ಆಕ್ಷೇಪ ತಪ್ಪಿಸಲೆಂದು ಕಂಡಕಂಡಲ್ಲಿ ಚೆಕ್ಡ್‌ಪಿಟಿಆರ್ ಅಂಟಿಸಿ ಕ್ರಮ ಹಾಗೇ ಬಿಟ್ಟ ಪ್ಯಾಚ್‌ಗಳು ಭದ್ರತೆ ಹೆಚ್ಚಿಸಿ ಬಳಕೆದಾರರಿಗೆ ಹೊಸ ಕ್ರ್ಯಾಶ್ ಕೊಡುತ್ತವೆ.

ವೀಕ್‌ಪಿಟಿಆರ್ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಖಾಲಿ ಮಾಡುವ ಕೆಲಸ ಬೇಸ್ ಕ್ಲಾಸ್‌ನದು, ಬೇಸ್‌ನ ಡಿಸ್ಟ್ರಕ್ಟರ್ ಓಡುವುದು ಕೊನೆಗೆ. ನಿಮ್ಮ ಕ್ಲಾಸ್‌ನ ಡಿಸ್ಟ್ರಕ್ಟರ್ ನಡೆಯುತ್ತಿರುವಾಗ ಹೊರಗಿನ ವೀಕ್‌ಪಿಟಿಆರ್ ಇನ್ನೂ ಅರ್ಧ ಸತ್ತ ಆಬ್ಜೆಕ್ಟನ್ನೇ ತೋರಿಸುತ್ತಿರುತ್ತದೆ. ಡಿಸ್ಟ್ರಕ್ಟರ್‌ನಿಂದ ಹೊರಗಿನವರನ್ನು ಕರೆಯುವ ಕೋಡ್ ಇದ್ದರೆ ಅದನ್ನು ಬೇರೆ ಕಡೆ ಸಾಗಿಸಿ.

ನಂತರ ಓಡುವ ಕೋಡ್

ನೆಟ್‌ವರ್ಕ್ ಉತ್ತರ ಬಂದಾಗ, ಟೈಮರ್ ಬಡಿದಾಗ ಓಡುವ ಲ್ಯಾಂಬ್ಡಾಗಳಲ್ಲಿ (ಹೆಸರಿಲ್ಲದ ಪುಟ್ಟ ಫಂಕ್ಷನ್‌ಗಳಲ್ಲಿ) ‘ದಿಸ್’ ಮಾತ್ರ ಹಿಡಿದಿಟ್ಟರೆ ಅದು ಬರಿ ಪಾಯಿಂಟರ್. ಉತ್ತರ ಬರುವಷ್ಟರಲ್ಲಿ ಟ್ಯಾಬ್ ಮುಚ್ಚಿದ್ದರೆ ಆಬ್ಜೆಕ್ಟ್ ಇಲ್ಲ. ವೇಗದ ಫೈಬರ್ ಇರುವ ಕಚೇರಿಯಲ್ಲಿ ಈ ಕಿಂಡಿ ಕೆಲವೇ ಮಿಲಿಸೆಕೆಂಡ್. ಹೊಸನಗರದಾಚೆಯ ಹಳ್ಳಿಯಲ್ಲಿ ಒಂದು ಗೆರೆ ಸಿಗ್ನಲ್‌ನಲ್ಲಿ ಅದು ಹತ್ತು ಸೆಕೆಂಡ್, ಕಾಯಲಾರದೆ ಟ್ಯಾಬ್ ಮುಚ್ಚುವವರೂ ಹೆಚ್ಚು. ಆದ್ದರಿಂದ ಪರೀಕ್ಷೆಯಲ್ಲಿ ಸರ್ವರ್ ಉತ್ತರವನ್ನು ಬೇಕೆಂದೇ 10 ಸೆಕೆಂಡ್ ತಡಮಾಡಿ, ನಡುವೆ ಫ್ರೇಮ್ ತೆಗೆದುಹಾಕಿ ನೋಡಿ.

ಆಯ್ಕೆ ಎರಡು. ಆಬ್ಜೆಕ್ಟ್ ಸತ್ತರೆ ಕೆಲಸವೂ ಬೇಡ ಎಂದಾದರೆ ವೀಕ್‌ದಿಸ್, ಅಂದರೆ ‘ದಿಸ್’ನ ವೀಕ್‌ಪಿಟಿಆರ್, ಹಿಡಿಯಿರಿ. ಲ್ಯಾಂಬ್ಡಾದ ಮೊದಲ ಗೆರೆಯಲ್ಲಿ ಅದನ್ನು ರೆಫ್‌ಪಿಟಿಆರ್‌ಗೆ ಬದಲಿಸಿ, ಖಾಲಿಯಾದರೆ ಹಿಂದಿರುಗಿ. ಆಬ್ಜೆಕ್ಟ್ ಇಲ್ಲದಿದ್ದರೂ ಕೆಲಸ ಮುಗಿಯಲೇಬೇಕು, ಉದಾಹರಣೆಗೆ ಡಿಸ್ಕ್‌ಗೆ ಬರೆಯುವುದು, ಎಂದಾದರೆ ಪ್ರೊಟೆಕ್ಟೆಡ್‌ದಿಸ್ ಹಿಡಿಯಿರಿ. ವೀಕ್‌ಪಿಟಿಆರನ್ನು ‘ಖಾಲಿಯಲ್ಲ’ ಎಂದು ಒಮ್ಮೆ ನೋಡಿ, ನಂತರ ಹಾಗೇ ಅದರ ಮೂಲಕವೇ ಐದಾರು ಕರೆ ಮಾಡುವುದು ತಪ್ಪು. ಎರಡನೇ ಕರೆಯಷ್ಟರಲ್ಲಿ ಅದು ಖಾಲಿಯಾಗಿರಬಹುದು.

ಪ್ರೊಟೆಕ್ಟೆಡ್‌ದಿಸ್ ಹಿಡಿದ ಲ್ಯಾಂಬ್ಡಾವನ್ನು ಅದೇ ಆಬ್ಜೆಕ್ಟ್‌ನ ಮೆಂಬರ್‌ನಲ್ಲಿ ಇಟ್ಟರೆ ತನ್ನನ್ನು ತಾನೇ ಹಿಡಿದುಕೊಂಡು ಎಂದೂ ಸಾಯದ ಸುತ್ತು. ತಂದೆ ಮಗುವನ್ನು ರೆಫ್‌ನಲ್ಲಿ, ಮಗು ತಂದೆಯನ್ನು ರೆಫ್‌ನಲ್ಲಿ ಹಿಡಿದರೂ ಅದೇ ಗತಿ. ಮೇಲಿನವರು ಕೆಳಗಿನವರನ್ನು ಹಿಡಿಯಬೇಕು, ಕೆಳಗಿನವರು ಮೇಲಿನವರನ್ನು ವೀಕ್‌ಪಿಟಿಆರ್‌ನಲ್ಲಿ ನೋಡಬೇಕು. ಲಿನಕ್ಸ್‌ನಲ್ಲಿ ಆಸಾನ್ ಜೊತೆಗೇ ಬರುವ ಲೀಕ್ ಸ್ಯಾನಿಟೈಜರ್ ಪ್ರೋಗ್ರಾಂ ಮುಗಿಯುವಾಗ ಇಂಥ ಸೋರಿಕೆ ತೋರಿಸುತ್ತದೆ.

ಬೇರೆ ಥ್ರೆಡ್‌ಗೆ ಹೋಗುವ ಆಬ್ಜೆಕ್ಟ್‌ಗೆ ರೆಫ್‌ಕೌಂಟೆಡ್ ಸಾಲದು. ಅದರ ಎಣಿಕೆ ಅಟಾಮಿಕ್ ಅಲ್ಲ, ಅಂದರೆ ಎರಡು ಥ್ರೆಡ್ ಒಮ್ಮೆಗೇ ಮುಟ್ಟಿದರೆ ಲೆಕ್ಕ ತಪ್ಪಬಹುದು. ಥ್ರೆಡ್‌ಸೇಫ್ ರೆಫ್‌ಕೌಂಟೆಡ್ ಬಳಸಿ.

ಕಣ್ಣಿಗೆ ಕಾಣದ ಅರ್ಧವಿರಾಮ

ವೆಬ್‌ಕಿಟ್‌ನಲ್ಲಿ ಪ್ರೊಟೆಕ್ಟೆಡ್‌ಡಾಕ್ಯುಮೆಂಟ್ ಎಂಬಂಥ ಫಂಕ್ಷನ್‌ಗಳನ್ನು ನೋಡುತ್ತೀರಿ. ಅವು ರೆಫ್ ಹಿಂದಿರುಗಿಸುತ್ತವೆ. ಆ ತಾತ್ಕಾಲಿಕ ರೆಫ್ ಗೆರೆಯ ಕೊನೆಯ ಅರ್ಧವಿರಾಮದವರೆಗೆ ಬದುಕುತ್ತದೆ. ಅದರ ಮೇಲೆ ನೇರವಾಗಿ ಒಂದು ಕರೆ ಮಾಡಿದರೆ ಆ ಕರೆ ಮುಗಿಯುವ ತನಕ ರಕ್ಷಣೆ ಇದೆ. ಅದರಿಂದ ಬರಿ ಪಾಯಿಂಟರ್ ಕಿತ್ತು ವೇರಿಯಬಲ್‌ನಲ್ಲಿಟ್ಟರೆ ಮುಂದಿನ ಗೆರೆಯಲ್ಲಿ ರಕ್ಷಣೆ ಇಲ್ಲ. ಒಂದಕ್ಕಿಂತ ಹೆಚ್ಚು ಗೆರೆ ಬೇಕಾದರೆ ಹೆಸರಿರುವ ರೆಫ್ ವೇರಿಯಬಲ್ ಮಾಡಿ.

ರೇಂಜ್ ಫಾರ್ ಲೂಪ್‌ನ ತಲೆಯಲ್ಲಿ ಇಂಥ ಫಂಕ್ಷನ್ ಕರೆದು ಅದರಿಂದ ಪಟ್ಟಿ ತೆಗೆದರೆ, ಸಿ++20ರ ತನಕದ ನಿಯಮದಲ್ಲಿ ಆ ತಾತ್ಕಾಲಿಕ ರೆಫ್ ಲೂಪ್‌ನ ಮೈ ಶುರುವಾಗುವ ಮುಂಚೆಯೇ ಹೋಗಿರುತ್ತದೆ. ಸಿ++23 ಇದನ್ನು ಸರಿಪಡಿಸಿದೆ. ಕಂಪೈಲರ್ ಆವೃತ್ತಿಯ ಮೇಲೆ ಪ್ರಾಣ ನಿಲ್ಲಿಸುವ ಬದಲು ರೆಫನ್ನು ಲೂಪ್‌ನ ಮೇಲಿನ ಗೆರೆಯಲ್ಲಿ ಹೆಸರಿಟ್ಟು ಬರೆಯಿರಿ.

ಕ್ಲಾಸ್‌ನ ಮೆಂಬರ್ ರೆಫ್ ಆಗಿದ್ದರೂ ಅದರ ಮೂಲಕ ಕರೆ ಮಾಡುವಾಗ ಎಚ್ಚರ ಬೇಕು: ಆ ಕರೆಯ ಒಳಗೇ ಯಾರೋ ಮೆಂಬರ್‌ಗೆ ಬೇರೆ ಬೆಲೆ ಕೊಟ್ಟರೆ ಹಳೆಯದು ಸಾಯುತ್ತದೆ. ಬೆಲೆ ಎಂದೂ ಬದಲಾಗದ ಮೆಂಬರನ್ನು ಕಾನ್ಸ್ಟ್ ರೆಫ್ ಎಂದು ಘೋಷಿಸಿಬಿಡಿ. ‘ದಿಸ್’ ಇರುವ ತನಕ ಅದೂ ಇರುತ್ತದೆ, ಪ್ರತಿ ಕರೆಗೂ ಎಣಿಕೆ ಏರಿಸಿ ಇಳಿಸುವ ಖರ್ಚೂ ಉಳಿಯುತ್ತದೆ. ಎಲ್ಲಕ್ಕಿಂತ ಅಗ್ಗದ ಸುಧಾರಣೆ ಇದು, ಮೊದಲ ಪ್ಯಾಚ್‌ಗೆ ಒಳ್ಳೆಯ ಆಯ್ಕೆ.

ಯಂತ್ರಕ್ಕೆ ಕೇಳಿ

ಲಕ್ಷಾಂತರ ಗೆರೆಗಳಲ್ಲಿ ಇದನ್ನೆಲ್ಲ ಕಣ್ಣಿಂದ ಹುಡುಕಲು ಆಗದು. ಕ್ಲ್ಯಾಂಗ್‌ನ ಸ್ಟಾಟಿಕ್ ಅನಲೈಸರ್‌ನಲ್ಲಿ ವೆಬ್‌ಕಿಟ್‌ಗಾಗಿಯೇ ಬರೆದ ತಪಾಸಕಗಳಿವೆ. ಎಣಿಕೆಯ ಆಬ್ಜೆಕ್ಟ್‌ಗೆ ಬರಿ ಪಾಯಿಂಟರ್ ಮೆಂಬರ್ ಇದ್ದರೆ ಒಂದು, ಲೋಕಲ್ ವೇರಿಯಬಲ್ ಇದ್ದರೆ ಒಂದು, ಕರೆಯ ಆರ್ಗ್ಯುಮೆಂಟ್‌ಗೆ ಒಂದು, ಲ್ಯಾಂಬ್ಡಾ ಹಿಡಿದದ್ದಕ್ಕೆ ಒಂದು. ಒಂದೇ ಫೈಲ್ ಪರೀಕ್ಷಿಸಲು ಬಿಲ್ಡ್ ಫೋಲ್ಡರ್‌ನ ಕಂಪೈಲ್ ಕಮಾಂಡ್ಸ್ ಫೈಲ್‌ನಿಂದ ಅದರ ಕ್ಲ್ಯಾಂಗ್ ಆಜ್ಞೆ ನಕಲಿಸಿ, ಕಂಪೈಲ್ ಆಯ್ಕೆಯ ಬದಲು ಅನಲೈಜ್ ಆಯ್ಕೆ ಹಾಕಿ, ಬೇಕಾದ ತಪಾಸಕದ ಹೆಸರು ಸೇರಿಸಿ ಓಡಿಸಿ.

ತಪಾಸಕ ಎಲ್ಲ ಕರೆಗೂ ದೂರುವುದಿಲ್ಲ. ಒಂದು ಫೀಲ್ಡ್ ಓದಿ ಹಿಂದಿರುಗಿಸುವಂಥ ಸಣ್ಣ ಫಂಕ್ಷನ್‌ನಿಂದ ಯಾವ ಆಬ್ಜೆಕ್ಟೂ ಸಾಯದು, ಹಾಗಾಗಿ ಅದನ್ನು ಬಿಟ್ಟುಕೊಡುತ್ತದೆ. ಆದರೆ ಫಂಕ್ಷನ್‌ನ ಮೈ ಹೆಡರ್‌ನಲ್ಲಿ ಕಂಡರೆ ಮಾತ್ರ ಅದಕ್ಕೆ ಹಾಗೆ ತೀರ್ಮಾನಿಸಲು ಸಾಧ್ಯ. ನಿಜಕ್ಕೂ ಸಣ್ಣದಾದ ಫಂಕ್ಷನ್ ಬೇರೆ ಫೈಲ್‌ನಲ್ಲಿದ್ದು ದೂರು ಬರುತ್ತಿದ್ದರೆ, ಹತ್ತು ಕಡೆ ರೆಫ್ ಹಾಕುವ ಮುಂಚೆ ಅದನ್ನು ಹೆಡರ್‌ಗೆ ತಂದು ಇನ್‌ಲೈನ್ ಮಾಡಿ ನೋಡಿ. ವೇಗವೂ ಉಳಿಯುತ್ತದೆ.

ಇದೇ ಗೆರೆ ಬೇರೆ ಎಂಜಿನ್‌ನಲ್ಲಿ ಬೇರೆ ಅರ್ಥ ಕೊಡುತ್ತದೆಂಬುದೂ ನೆನಪಿರಲಿ. 2013ರಲ್ಲಿ ವೆಬ್‌ಕಿಟ್‌ನಿಂದ ಕವಲೊಡೆದ ಬ್ಲಿಂಕ್‌ನಲ್ಲಿ ನೋಡ್‌ಗಳು ಆಯಿಲ್‌ಪ್ಯಾನ್ ಎಂಬ ಕಸ ಸಂಗ್ರಾಹಕದ ಕೈಯಲ್ಲಿವೆ. ಸ್ಟ್ಯಾಕ್ ಮೇಲಿನ ಬರಿ ಪಾಯಿಂಟರ್ ಅಲ್ಲಿ ಸರಿ, ಮೆಂಬರ್ ಫೀಲ್ಡ್‌ಗಳಿಗೆ ಮಾತ್ರ ಮೆಂಬರ್ ಎಂಬ ವಿಧ ಬೇಕು, ಟ್ರೇಸ್ ಫಂಕ್ಷನ್‌ನಲ್ಲಿ ಹೆಸರು ಸೇರಿಸಬೇಕು. ಫೈರ್‌ಫಾಕ್ಸ್‌ನ ಗೆಕ್ಕೊದಲ್ಲಿ ಎಣಿಕೆಯೂ ಇದೆ, ಸುತ್ತುಗಳನ್ನು ಹುಡುಕಿ ಬಿಡಿಸುವ ಸೈಕಲ್ ಕಲೆಕ್ಟರೂ ಇದೆ, ಸ್ಕ್ರಿಪ್ಟ್ ಓಡಿಸಬಲ್ಲ ಫಂಕ್ಷನ್‌ಗಳ ಮೇಲೆ ಗುರುತು ಹಾಕಿ ಕರೆದವರು ಹಿಡಿದಿದ್ದಾರೆಯೇ ಎಂದು ನೋಡುವ ತಪಾಸಣೆಯೂ ಇದೆ. ಒಂದು ಎಂಜಿನ್‌ನ ಅಭ್ಯಾಸವನ್ನು ಇನ್ನೊಂದಕ್ಕೆ ಕೊಂಡೊಯ್ಯಬೇಡಿ.

ಪ್ಯಾಚ್ ಕಳಿಸುವಾಗ

ವೆಬ್‌ಕೋರ್ ಫೋಲ್ಡರ್‌ನೊಳಗೆ ಸೇಫರ್ ಸಿಪಿಪಿ ಎಕ್ಸ್‌ಪೆಕ್ಟೇಶನ್ಸ್ ಎಂಬ ಫೋಲ್ಡರ್ ಇದೆ. ಪ್ರತಿ ತಪಾಸಕಕ್ಕೂ ಒಂದು ಪಟ್ಟಿ, ಅದರಲ್ಲಿ ಇನ್ನೂ ಸರಿಯಾಗದ ಫೈಲ್‌ಗಳ ಹೆಸರು. ಅಲ್ಲಿಂದ ಚಿಕ್ಕದೊಂದು ಫೈಲ್ ಆರಿಸಿ, ಆ ಫೈಲ್‌ನ ಎಲ್ಲ ದೂರುಗಳನ್ನೂ ತೀರಿಸಿ, ಪಟ್ಟಿಯಿಂದ ಅದರ ಗೆರೆ ತೆಗೆಯಿರಿ. ಒಂದು ದೂರು ಉಳಿದರೂ ಗೆರೆ ತೆಗೆಯಬಾರದು, ಪ್ಯಾಚನ್ನು ತಾನಾಗಿ ಪರೀಕ್ಷಿಸುವ ಬಾಟ್ ಕೆಂಪಾಗುತ್ತದೆ. ರನ್-ವೆಬ್‌ಕಿಟ್-ಟೆಸ್ಟ್ಸ್ ಸ್ಕ್ರಿಪ್ಟ್‌ನಿಂದ ಸಂಬಂಧಿಸಿದ ಫೋಲ್ಡರ್‌ನ ಪರೀಕ್ಷೆಗಳನ್ನು ಡೀಬಗ್ ಬಿಲ್ಡ್‌ನಲ್ಲಿ ಓಡಿಸಿ. ಅಸರ್ಟ್‌ಗಳು ಅಲ್ಲೇ ಬಡಿಯುವುದು.

ಒಂದು ಪ್ಯಾಚ್‌ನಲ್ಲಿ ಒಂದೇ ಬಗೆಯ ಬದಲಾವಣೆ ಇರಲಿ. ಪಾಯಿಂಟರ್ ಬದಲಿಸುವ ಪ್ಯಾಚ್‌ನಲ್ಲಿ ಗೆರೆಗಳ ಕ್ರಮ ಬದಲಿಸಬೇಡಿ, ಲೇಔಟ್ ಬಾಕ್ಸ್‌ನಂಥ ಕ್ರಮದ ತಪ್ಪು ಕಂಡರೆ ಅದಕ್ಕೆ ಬೇರೆ ಪ್ಯಾಚ್, ಬೇರೆ ಪರೀಕ್ಷಾ ಪುಟ. ಬಿಸಿ ಲೂಪ್, ಅಂದರೆ ಪದೇ ಪದೇ ಓಡುವ ಲೂಪ್, ಒಳಗೆ ರೆಫ್ ಸೇರಿಸಿದ್ದರೆ ಅದನ್ನು ಲೂಪ್‌ನ ಹೊರಗೆ ತರಲು ಸಾಧ್ಯವೇ ನೋಡಿ. ಪರಿಶೀಲಿಸುವವರು ಮೊದಲು ಕೇಳುವ ಪ್ರಶ್ನೆ ಅದೇ. ಇನ್ನು, ಸರಿಪಡಿಸುವಾಗ ನಿಜವಾದ ಯೂಸ್ ಆಫ್ಟರ್ ಫ್ರೀ ಸಿಕ್ಕಿದರೆ, ಅದನ್ನು ಆಸಾನ್ ವರದಿಯೊಂದಿಗೆ ದೋಷ ದಾಖಲಿಸುವ ತಾಣ ಬಗ್‌ಜಿಲ್ಲಾದ ಭದ್ರತಾ ವಿಭಾಗದಲ್ಲಿ ಮಾತ್ರ ದಾಖಲಿಸಿ. ಎಲ್ಲರಿಗೂ ಕಾಣುವ ಪುಲ್ ರಿಕ್ವೆಸ್ಟ್‌ನಲ್ಲಿ ಆ ಪರೀಕ್ಷಾ ಪುಟವನ್ನು ಹಾಕಬೇಡಿ. ಪರಿಹಾರ ಬಳಕೆದಾರರ ಫೋನ್ ತಲುಪುವ ಮುಂಚೆಯೇ ದಾಳಿಯ ದಾರಿ ಬರೆದುಕೊಟ್ಟಂತಾಗುತ್ತದೆ.